ಉಳಿದದ್ದು ಫೋನಿಗೆ

ನಗ್ತಿದ್ದೀರಾ ಭಾವ? ನಗಿ, ನಗಿ... "ಫೋನ್ ರಿಂಗೇ ಆಗಲಿಲ್ಲ" ಅಂತ ನಾಳೆ ವಿಚಾರಣೆಯವರ ಮುಂದೆ ಹೇಳ್ತೀರಂತೆ! ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆ ಫೋನ್ ಎತ್ತಿ "ಹಲೋ" ಅಂದವರು ನೀವು, ಆಯ್ತು, ಒಪ್ಪಿದೆ. ಆ ಹಲೋ ಯಾವ ದಾರೀಲಿ ಬರುತ್ತೆ ಅಂತ ಒಂದು ದಿನ ಆದ್ರೂ ತಲೆ ಕೆಡಿಸ್ಕೊಂಡಿದ್ದೀರಾ? ಇಲ್ಲಿಯ ನೆಟ್‌ವರ್ಕ್ ನೋಡ್ಕೊಳ್ಳೋನು ನಾನು. ನನಗೇ ಪಾಠ ಹೇಳೋಕೆ ಬಂದ್ರು!

ಕೂತ್ಕೊಳ್ಳಿ. ಅಯ್ಯೋ, ವೈರ್ ಮೇಲೆ ಕಾಲಿಡಬೇಡಿ! ಇದು ಸ್ವಿಚ್ಚು. ಲೈಟ್ ಹಾಕೋದಲ್ಲ ಸ್ವಾಮಿ! ವಾರ್ಡಿನ ಫೋನು, ಎಕ್ಸ್‌ರೇ ಚಿತ್ರ, ಡೈರೆಕ್ಟರ್ ಸಾಹೇಬರ ವಿಡಿಯೋ ಮೀಟಿಂಗು, ಎಲ್ಲ ಈ ಪೆಟ್ಟಿಗೆಯೊಳಗಿಂದಲೇ ಹೋಗ್ಬೇಕು. ಒಂದೊಂದಕ್ಕೆ ಒಂದೊಂದು ಕ್ಯೂ. ಯಾವ ಕ್ಯೂಗೆ ದಾರೀಲಿ ಎಷ್ಟು ಪರ್ಸೆಂಟು ಜಾಗ ಅಂತ ನಾನು ಬರೀತೀನಿ, ವೇಗದ ಲೆಕ್ಕ ಇದು ಹಾಕ್ಕೊಳ್ಳುತ್ತೆ. ಏನೂ ಬರೀದೆ ಬಿಟ್ಟ ಕ್ಯೂಗೆ ಉಳಿದದ್ದು. ತಲೆಗೆ ಹೋಯ್ತಾ? ಎಲ್ಲಿಂದ ಹೋಗ್ಬೇಕು! ಅಕ್ಕನಿಗಾದ್ರೆ ಇಷ್ಟೊತ್ತಿಗೆ ಅರ್ಥ ಆಗಿರೋದು.

ಫೋನಿಗೆ ಎಷ್ಟು ಬರೆದಿದ್ದೆ ಅಂತೀರಾ? ಬರೆಯೋದೇ ಬೇಕಿಲ್ಲ! ಎರಡು ಮಾತಿಗೆ ಅದೆಷ್ಟು ಮಹಾ ಜಾಗ ಬೇಕು? ಎಕ್ಸ್‌ರೇಗೆ ಅರವತ್ತು, ಸಾಹೇಬರಿಗೆ ಮೂವತ್ತು, ಉಳಿದ ಹತ್ತು ಫೋನಿಗೆ. ಮೂರು ವರ್ಷ ಒಬ್ಬರೂ ತಕರಾರು ತೆಗೀಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಮೂರನೇ ವಾರ್ಡಿನ ನರ್ಸಮ್ಮ ನಾಲ್ಕು ಸಲ ಫೋನ್ ಮಾಡಿದ್ಲಂತೆ, ಡಾಕ್ಟರನ್ನ ಕಳಿಸಿ ಅಂತ. ನೀವು ಎತ್ತಲಿಲ್ಲ. ಆ ಪೇಷೆಂಟು ಹೆಂಗಸು ಇನ್ನೂ ಕಣ್ಣು ಬಿಟ್ಟಿಲ್ಲ. ಸಂಜೆ ನಾನೇ ಎಲ್ಲರ ಎದುರಿಗೆ ಅದೇ ಫೋನಿಂದ ಮಾಡಿ ತೋರಿಸ್ದೆ. ಟ್ರಿಣ್ ಟ್ರಿಣ್ ಅಂತ ಹೊಡ್ಕೊಳ್ತು! ಮತ್ತೆ? ಟೀ ಕುಡಿಯೋಕೆ ಎದ್ದು ಹೋಗಿದ್ದೆ ಅಂತ ಈ ಕಾಗದಕ್ಕೊಂದು ಸಹಿ ಹಾಕಿ, ಮುಗೀತು. ಕೆಲಸ ಹೋಗುತ್ತಾ? ಹೋದ್ರೆ ಹೋಗ್ಲಿ ಬಿಡಿ, ರಿಟೈರ್ ಆಗೋಕೆ ಇನ್ನೆಷ್ಟು ದಿನ ಇತ್ತು ನಿಮಗೆ!

ಸಂಜೆ ಹೇಗೆ ಹೊಡ್ಕೊಳ್ತು ಅಂತಾನಾ? ದೇವ್ರೇ... ಸಂಜೆ ದಾರಿ ಖಾಲಿ ಭಾವ, ಸೊನ್ನೆ ಇರೋದೂ ನುಗ್ಗಿಬಿಡುತ್ತೆ! ಬೆಳಿಗ್ಗೆ ಹಾಗಲ್ಲ. ಎಕ್ಸ್‌ರೇ ಒಂದು ಕಡೆ, ಸಾಹೇಬರ ಮೀಟಿಂಗು ಒಂದು ಕಡೆ, ಇಬ್ಬರೂ ತುಂಬ್ಕೊಂಡು ಕೂತಿರ್ತಾರೆ. ಅರವತ್ತು, ನಲವತ್ತು, ಅಲ್ಲಿಗೆ ನೂರು. ಇನ್ನು ಉಳಿಯೋದು...

ಏನು? ಯಾಕೆ ಹಾಗೆ ನೋಡ್ತೀರಿ?

ನಲವತ್ತು ಅಂದ್ನಾ? ಮೂವತ್ತು, ಮೂವತ್ತು. ಬಾಯಿ ತಪ್ತು.

...ಆವತ್ತು ಬೆಳಿಗ್ಗೆ ವಿಡಿಯೋದಲ್ಲಿ ಸಾಹೇಬರ ಮುಖ ಚೂರು ಚೂರಾಗಿ ಕಾಣ್ತಿತ್ತು. ಎಲ್ಲರ ಮುಂದೆ ಬೈದ್ರು ಭಾವ, ನಾಯಿಗೆ ಬೈದ ಹಾಗೆ ಬೈದ್ರು. ಹತ್ತು ಜಾಸ್ತಿ ಹಾಕ್ದೆ, ಅಷ್ಟೇ! ಫೋನಿಗೆ ಏನೂ ಉಳೀಲಿಲ್ಲ ಕಣೋ ಅಂತ ಈ ಹಾಳು ಪೆಟ್ಟಿಗೆ ಒಂದು ಮಾತು ಹೇಳಬಾರದಾ? ಬಾಯಿ ಮುಚ್ಕೊಂಡು ಒಪ್ಕೊಂಡ್ಬಿಡ್ತು. ನನಗೂ ಗೊತ್ತಾಗಿದ್ದು ಸಂಜೆ ಆದ್ಮೇಲೆ... ನನಗೆ ಭಯ ಆಯ್ತು ಭಾವ.

ಬೈಯಿರಿ, ಬೇಕಾದ್ರೆ ಎರಡು ಏಟು ಹಾಕಿ...

ಕಾಗದ ಯಾಕೆ ತಿರುಗಿಸ್ತಿದ್ದೀರಿ? ಹಿಂದುಗಡೆ ಏನೂ ಬರೆದಿಲ್ಲ ಅಲ್ಲಿ... ಆ ಪೆನ್ನು... ನಾನಾ? ನಾನು ಬರೀಬೇಕಾ?