ಕತ್ತರಿ ಬಿದ್ದ ನಗು

ಹಲೋ… ಯಾರು ಮಾತಾಡ್ತಿರೋದು?…

ಹಾಂ, ನೀನಾ. ಹೊಸ ನಂಬರಾ? ಹಳೇದಕ್ಕೆ ಮಾಡಿ ಮಾಡಿ ನನ್ನ ಬೆರಳು ಸವೀತು. ಟಿವಿ ಚಾನೆಲ್ಲಿಗೆ ಸೇರಿದ ಮೇಲೆ ಅಕ್ಕನ ಫೋನ್ ಎತ್ತೋಕೂ ಪುರುಸೊತ್ತಿಲ್ಲ, ಅಲ್ವಾ…

ನಾನು ಹೇಗಿದೀನಿ ಅನ್ನೋದು ಆಮೇಲೆ. ಮೊದಲು ಒಂದು ಲೆಕ್ಕ ಹೇಳು. ಕಾರ್ಟೂನಲ್ಲಿ ಒಂದು ನಗುವಿಗೆ ಏನು ಖರ್ಚಾಗುತ್ತೆ?… ದುಡ್ಡಲ್ಲಪ್ಪ. ಒಂದು ವಾರ ಬಗ್ಗಿ ಕೂತು ಬಿಡಿಸಬೇಕು. ತುಟಿ, ಕೆನ್ನೆ, ಹೆಗಲು, ಜಡೆ ಅಲುಗೋದು. ಅದಕ್ಕೂ ಮೊದಲು ಧ್ವನಿ ಕೊಡೋ ಹುಡುಗಿಗೆ ನಿಜವಾಗಿ ನಗು ಬರಬೇಕು. ಬರಿಸೋಕೆ ಕಸದ ಬುಟ್ಟಿ ತಲೆಗೆ ಹಾಕ್ಕೊಂಡು ಮೈಕಿನ ಮುಂದೆ ಕುಣಿದೆ ನಾನು. ಈ ವಯಸ್ಸಲ್ಲಿ. ಆ ನಗುವನ್ನ ನೀನು ಏನು ಮಾಡಿದೆ?…

ಮುಟ್ಟಿಲ್ವಾ? ಹೌದು, ನಗು ಮುಟ್ಟಿಲ್ಲ. ಅದರ ಹಿಂದಿನ ದೃಶ್ಯ ಎಲ್ಲಿ?…

ಸಮಯ ಜಾಸ್ತಿ ಆಯ್ತಾ. ಕೊನೆಗೆ ಮೋಡ ತೇಲೋದು ಅಷ್ಟುದ್ದ ಇತ್ತಲ್ಲ, ಅದನ್ನ ಕತ್ತರಿಸೋದು ತಾನೆ. ನಿಜ ಹೇಳು…

ಗೊತ್ತಿತ್ತು ನನಗೆ. ನಿಮ್ಮ ಸಾಹೇಬರು. ಏನಂದ್ರು?… ಇನ್ನೊಂದ್ಸಲ ಹೇಳು…

ಅಂದ್ರೆ, ಊರೆಲ್ಲ ಗಂಡು ಹುಡುಗ ಅಂದ್ಕೊಂಡಿರೋ ಹುಡುಗಿ ಲಂಗ ಹಾಕ್ಕೊಂಡು ಗೆಳತಿ ಮನೆ ಬಾಗಿಲಿಗೆ ಬರಬಹುದು. ಆ ಗೆಳತಿ 'ಒಳಗೆ ಬಾ, ಲಂಗ ಉದ್ದ ಆಯ್ತು, ಅಂಚು ಮಡಿಸಿ ಹೊಲಿದು ಕೊಡ್ತೀನಿ' ಅನ್ನಬಾರದು. ಬಂದಿದ್ದಕ್ಕೆ ತಕರಾರಿಲ್ಲ, ಬಾ ಅಂದಿದ್ದಕ್ಕೆ ತಕರಾರು. ಭೇಷ್…

ಅವರಿಗೆ ಗೊತ್ತಾಗಲ್ಲ ಸರಿ. ನಿನಗೆ? ನನ್ನ ಮೇಜಿನ ಪಕ್ಕ ಕೂತು ದೃಶ್ಯ ಜೋಡಿಸೋದು ಕಲಿತವನು ನೀನು. ಆ ಗೆಳತಿ ಹೊಲಿಯುವಾಗ ಬೆಕ್ಕಿನ ಮರಿ ದಾರದ ಡಬ್ಬಿಗೆ ತಲೆ ತೂರಿಸಿ, ಡಬ್ಬಿ ಸಮೇತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತೆ. ಅದಕ್ಕೆ ನಗ್ತಾಳೆ. ನೀನು ಹೊಲಿಗೆ ತೆಗೆದೆ, ಬೆಕ್ಕು ತೆಗೆದೆ, ಬಾಗಿಲನ್ನ ತಂದು ನಗುವಿಗೆ ಅಂಟಿಸಿದೆ. ಈಗ ಏನು ಕಾಣುತ್ತೆ?…

ಹಾಂ. ಲಂಗ ನೋಡಿ ನಕ್ಕ ಹಾಗೆ. ನೆನ್ನೆ ಸಂಜೆ ಮನೆಮನೇಲೂ ಹಾಗೇ ಕಂಡಿದೆ…

ಬರೀ ಕಾರ್ಟೂನಾ? ಲಂಗದವಳಿಗೆ ಧ್ವನಿ ಕೊಟ್ಟಿದ್ದು ನನ್ನ ತಂಗಿ ಮಗು ಕಣೋ. ನೀನಿಲ್ಲಿ ಇದ್ದಾಗ ನನ್ನ ಪೆನ್ಸಿಲೆಲ್ಲ ಕಚ್ಚಿ ಇಡ್ತಿತ್ತಲ್ಲ, ಅದೇ. ನಾವೆಲ್ಲ ಗಂಡು ಮಗು ಅಂತಾನೇ ಎತ್ತಿ ಆಡಿಸಿದ್ವಿ. ತಾನು ಹುಡುಗಿ ಅಂತ ಹೋದ ವರ್ಷ ಅವಳೇ ಹೇಳಿದ್ಲು. ಮೊದಲು ಹೇಳಿದ್ದು ನನಗಲ್ಲ, ಅವರಮ್ಮನಿಗೂ ಅಲ್ಲ. ಪಕ್ಕದ ಮನೆ ಗೆಳತಿಗೆ. ನಗು ಕೊಟ್ಟಿದಾಳಲ್ಲ, ಅವಳಿಗೆ…

ಹೌದು. ಅದಕ್ಕೇ ಅವಳ ಕೈಲೇ ನಗಿಸಿದ್ದು…

ಏನಾಯ್ತು ಅಂತ ಕೇಳ್ತೀಯಾ. ಇವತ್ತು ಶಾಲೆ ಮೆಟ್ಟಿಲ ಮೇಲೆ ನಿಂತು ಇಡೀ ತರಗತಿ ಆ ನಗುವನ್ನ ಅಣಕಿಸಿದೆ. ನಮ್ಮವಳು ತಲೆ ಎತ್ಕೊಂಡೇ ಒಳಗೆ ಹೋದ್ಲು. 'ಅವಳು ನಕ್ಕಿದ್ದು ಬೆಕ್ಕಿಗೆ, ನನಗೆ ಗೊತ್ತು ದೊಡ್ಡಮ್ಮ' ಅಂದ್ಲು. ಆ ಇನ್ನೊಬ್ಬಳು ಅರ್ಧ ದಿನಕ್ಕೇ ಮನೆಗೆ ಓಡಿ ಬಂದಿದಾಳೆ. ತನ್ನ ನಗೂನೇ ಗೆಳತಿ ಮೇಲೆ ಕಲ್ಲಾಗಿ ಬಿತ್ತು ಅಂತ. ಇವಳು ಹೋಗಿ ಬಾಗಿಲು ತಟ್ಟಿದ್ರೆ ತೆಗೀತಿಲ್ಲ…

ನನ್ನ ಹತ್ರ ಕ್ಷಮೆ ಕೇಳಬೇಡ, ಅದನ್ನ ಇಟ್ಕೊಂಡು ನಾನೇನು ಮಾಡಲಿ. ಮರುಪ್ರಸಾರ ಯಾವಾಗ?… ಇವತ್ತೇನಾ? ಪೂರ್ತಿ ಹಾಕು, ಇಲ್ಲಾಂದ್ರೆ ಹಾಕಬೇಡ…

ಏನಂದೆ? ನಗೂನೂ ಕತ್ತರಿಸ್ತೀಯಾ?…

ಲೋ. ಆಮೇಲೆ ಉಳಿಯೋದೇನು? ಬಾಗಿಲಲ್ಲಿ ಒಬ್ಬಳು, ಒಳಗೆ ಇನ್ನೊಬ್ಬಳು, ಇಬ್ಬರೂ ಗೊಂಬೆಗಳ ಹಾಗೆ ನಿಂತಿರ್ತಾರೆ. ಅದಕ್ಕೆ ನನ್ನ ಚಿತ್ರ ಯಾಕೆ, ಗೋಡೆ ತೋರಿಸು ಸಾಕು…

ಹೋಗು, ಕೇಳ್ಕೊಂಡು ಬಾ. ಫೋನ್ ಇಡಲ್ಲ ನಾನು…

…

ಹಾಂ, ಹೇಳು… ಪೂರ್ತಿ ಹಾಕಲ್ವಂತಾ… ಇಡೀ ಚಿತ್ರಾನೇ ತೆಗೆದುಬಿಡ್ತಾರಂತಾ? ತೆಗೀಲಿ, ಇವತ್ತೇ ತೆಗೀಲಿ… ಮುಂದಿನ ಭಾಗಗಳೂ ನಮ್ಮಿಂದ ಬೇಡ ಅಂದ್ರಾ…

ಇಲ್ಲ, ಕೇಳಿಸ್ತು. ಬಣ್ಣ ಹಚ್ಚೋ ಹುಡುಗಿಯರಿಗೆ ಏನು ಹೇಳಲಿ ಅಂತ ಯೋಚಿಸ್ತಿದ್ದೆ… ಬೇಡ, ನೀನು ಹೋಗಿ ಕಾಲು ಹಿಡೀಬೇಡ. ಪೂರ್ತಿ ಚಿತ್ರ ನನ್ನ ಹತ್ರ ಇದೆ. ಈ ಹುಡುಗೀರ ಶಾಲೇಲೇ ಹಾಕಿಸ್ತೀನಿ. ಹೆಡ್‌ಮಿಸ್ಸನ್ನ ಆಗಲೇ ಕೇಳಿದೀನಿ, ಹೂಂ ಅಂದಿದಾರೆ. ಬೆಕ್ಕನ್ನ ನೋಡಲಿ ಆ ಮೆಟ್ಟಿಲ ಮೇಲೆ ನಿಂತಿದ್ದ ಮಕ್ಕಳು…

ಎಲ್ಲ ಸರಿ ಹೋಗುತ್ತಾ? ಇಲ್ಲ ಕಣೋ, ಹಾಗಂದ್ಕೊಂಡು ನಿದ್ದೆ ಮಾಡಬೇಡ. ಆ ಪಕ್ಕದ ಮನೆ ಹುಡುಗಿ ನಗು ಬೀದಿ ತುದಿಗೆ ಕೇಳ್ತಿತ್ತು. ಮಧ್ಯಾಹ್ನ ಕಿಟಕಿ ಹತ್ರ ನಿಂತು ನಾನೇ ಮಾತಾಡಿಸಿದೆ, ಏನೋ ತಮಾಷೆ ಮಾಡಿದೆ. ನಗು ಬಂತು ಅವಳಿಗೆ. ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಕೊಂಡ್ಲು. ನಿಮ್ಮ ಚಾನೆಲ್ ಕೆಲಸ ಹೋಯ್ತು, ಅಂಥದ್ದು ಇನ್ನೆಲ್ಲಾದ್ರೂ ಸಿಗುತ್ತೆ. ಆದ್ರೆ ಆ ಮಗು ನಗೋಕೇ ಹೆದರುತ್ತೆ ಈಗ, ಅದಕ್ಕೆ ನಾನು ಯಾವ ಬುಟ್ಟಿ ಹಾಕ್ಕೊಂಡು… ಹಲೋ… ಕೇಳಿಸ್ತಿದೆಯಾ… ಹಲೋ…