ಗಾಳಿಸಿಂಹದ ಪಾದ ಒಣಗಲಿಲ್ಲ

ಹೆಸರು: ಶ್ವೆ ಯುಚಿನ್, ಗಂಡನ ಹೆಸರು ಔ ಮಿಂಗ್ದ
ವಯಸ್ಸು: 57 ವರ್ಷ
ಉದ್ಯೋಗ: ಸ್ಯಾನಿಟೈಸರ್ ತಯಾರಿಕೆ
ವಾಸ: ಬೈತು ಗ್ರಾಮ, ಕಿನ್ಮೆನ್ ದ್ವೀಪ, ತೈವಾನ್

ಮೇಲೆ ಹೇಳಿದವಳಾದ ನಾನು ಈ ದಿನ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ಜಾಡಿ ಒಡೆದವಳು ನಾನೇ. ಅದರಲ್ಲಿ ತಕರಾರಿಲ್ಲ. ನಿನ್ನೆ ದಿನಾಂಕ 18-12-2022ರ ಭಾನುವಾರ ನನ್ನ ಭಾವನವರಾದ, ಅಂದರೆ ಯಜಮಾನರ ದೊಡ್ಡಪ್ಪನ ಮಗ ಔ ಶುಯಿಫಾ ಅವರ ಮಗನ ಮದುವೆ ಊಟದಲ್ಲಿ ಸಾರಾಯಿ ತುಂಬಿದ ಎರಡು ಜಾಡಿಗಳನ್ನು ಕೆಳಕ್ಕೆ ನೂಕಿದೆ. ನಾನು ಕುಡಿದ ಅಮಲಿನಲ್ಲಿದ್ದೆ ಎಂದು ಭಾವನವರು ದೂರಿನಲ್ಲಿ ಬರೆಸಿದ್ದಾರೆ. ನಿಮ್ಮವರು ನಿನ್ನೆಯೇ ಯಂತ್ರಕ್ಕೆ ಊದಿಸಿದ್ದಾರೆ, ಸೊನ್ನೆ ಬಂದಿದೆ. ವಾಸನೆ ಬರುತ್ತಿದ್ದುದು ನನ್ನ ಕೈಯಿಂದ, ಬಾಯಿಂದಲ್ಲ. ಯಾಕೆ ಒಡೆದೆ ಎನ್ನುವುದಷ್ಟೇ ಉಳಿದಿರುವ ಪ್ರಶ್ನೆ.

ನನ್ನ ಯಜಮಾನರು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಜೋಳದ ಸಾರಾಯಿ ಬಟ್ಟಿ ಇಳಿಸುತ್ತಾರೆ. ಬೈತು ಗ್ರಾಮದ ಯಾವ ಮದುವೆಗೂ ಅವರ ಕೈಯ ಸಾರಾಯಿಯೇ ಆಗಬೇಕು. ಕೊರೊನಾ ರೋಗದ ಗಲಾಟೆ ಶುರುವಾದ ಮೇಲೆ ನಾನು ಅದೇ ಸಾರಾಯಿಯನ್ನು ಇನ್ನೊಮ್ಮೆ ಕಾಯಿಸಿ ಇಳಿಸಿ, ವೃದ್ಧರ ಆರೈಕೆ ಕೇಂದ್ರಕ್ಕೆ ಸ್ಯಾನಿಟೈಸರ್ ಮಾಡಿಕೊಡಲು ಶುರು ಮಾಡಿದೆ. ಪರವಾನಗಿ ಇದೆ. ಕೇಂದ್ರದ ದಾದಿ ಲಿಹ್ವಾ ನಮ್ಮ ಪಕ್ಕದ ಮನೆಯವಳು. ಚಳಿಗಾಲದ ಈಶಾನ್ಯ ಗಾಳಿಗೆ ನಮ್ಮೂರಲ್ಲಿ ಎಲ್ಲರ ಕೈಯೂ ಒಡೆಯುತ್ತದೆ. ಅದರ ಮೇಲೆ ಗಳಿಗೆಗೊಮ್ಮೆ ಬರೀ ಸ್ಪಿರಿಟ್ ಹಚ್ಚಿ ಅವಳ ಬೆರಳ ಸಂದಿಯಲ್ಲಿ ಸೀಳು ಬಿದ್ದಿತ್ತು. “ಅಕ್ಕಾ, ಅಜ್ಜಂದಿರನ್ನ ಎತ್ತಿ ಕೂರ್ಸೋಕೆ ಹೋದ್ರೆ ಅವ್ರ ಅಂಗಿಗೆ ನನ್ ರಕ್ತ ಹತ್ತುತ್ತೆ, ಹಚ್ಕೊಳ್ಳೋಕೇ ಹೆದ್ರಿಕೆ ಆಗುತ್ತೆ” ಎಂದು ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದಳು. ಕೈಗೆ ಹಚ್ಚಲು ಹೆದರುವ ಸ್ಯಾನಿಟೈಸರ್ ಬಾಟಲಿಯಲ್ಲಿದ್ದರೆ ಯಾರಿಗೆ ಉಪಯೋಗ ಎಂದು ನಾನು ಹಟ ಹಿಡಿದೆ.

ಮೊದಲು ಲೋಳೆಸರ ಹಾಕಿದೆ. ಸ್ಪಿರಿಟ್ಟಿಗೆ ಬಿದ್ದ ಕೂಡಲೇ ಒಡೆದ ಹಾಲಿನ ಹಾಗಾಯಿತು. ಆಮೇಲೆ ಗ್ಲಿಸರಿನ್ ಹಾಕಿದೆ. ಜಾಸ್ತಿಯಾಗಿ ಕೈ ಅಂಟಿತು. ಅಂಟು ತಾಳದೆ ದಾದಿಯರು ಮತ್ತೆ ಸೋಪು ಹಾಕಿ ತೊಳೆದರು, ತೊಳೆದು ತೊಳೆದು ಇನ್ನಷ್ಟು ಒಡೆಸಿಕೊಂಡರು. ಆಗ ಗ್ಲಿಸರಿನ್ನನ್ನು ಅರ್ಧಕ್ಕೆ ಇಳಿಸಿದೆ. ಮದ್ಯಸಾರವನ್ನು ಮಾತ್ರ ನೂರಕ್ಕೆ ಎಂಬತ್ತರ ಕೆಳಗೆ ಇಳಿಸಲಿಲ್ಲ. ಮೃದು ಮಾಡುತ್ತೇನೆ ಎಂದು ನೀರು ಸುರಿಯುವುದು ಮೋಸ. ಇದರ ಜೊತೆಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಬೀಳುತ್ತದೆ. ಈ ಮಿಶ್ರಣ ಕೈಗೆ ಒಳ್ಳೆಯದು, ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಅಪಾಯ. ಈಗ ಲಿಹ್ವಾಳ ಕೈ ನೋಡಿ. ಈ ದ್ವೀಪದಲ್ಲಿ ನನ್ನಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿದ್ದರೆ ಕರೆತನ್ನಿ.

ಕಳೆದ ವಾರ ಯಜಮಾನರು ಜಾಡಿಗಳನ್ನು ತೊಳೆದು ಒಣಗಲು ಬೋರಲು ಹಾಕಿದ್ದರು. ಅದರಿಂದಾಗಿ ಮದುವೆಯ ಸಾರಾಯಿಯೂ ನನ್ನ ಸ್ಯಾನಿಟೈಸರೂ ಕೊಟ್ಟಿಗೆಯಲ್ಲಿ ಒಂದೇ ತರಹದ ನೀಲಿ ಕ್ಯಾನುಗಳಲ್ಲಿದ್ದವು. ಕುಡಿಯಬಾರದು ಎಂದು ಗುರುತಿಗೆ ನನ್ನ ಕ್ಯಾನುಗಳ ಕುತ್ತಿಗೆಗೆ ಕೆಂಪು ಪಟ್ಟಿ ಸುತ್ತಿದ್ದೆ.

ಮದುವೆಯ ದಿನ ಸಂಜೆ ನಾಲ್ಕೂವರೆ ಸುಮಾರಿಗೆ ನಾನು ಸಿಂಪಿ ಮಾಂಸದ ದೋಸೆಯ ಬುಟ್ಟಿ ಹಿಡಿದು ಭಾವನವರ ಮನೆಗೆ ಹೊರಟೆ. ಯಜಮಾನರು ಮುಂಚೆಯೇ ಎರಡು ಜಾಡಿಗಳನ್ನು ಗಾಡಿಯಲ್ಲಿಟ್ಟು ಹೋಗಿದ್ದರು. ಊರ ಬಾಗಿಲಲ್ಲಿ, ಗಾಳಿಯಿಂದ ನಮ್ಮನ್ನು ಕಾಯುವ ದೇವರಾದ ಗಾಳಿಸಿಂಹದ ಕಲ್ಲಿನ ಮೂರ್ತಿ ಇದೆ. ಮದುವೆಯ ಸಾರಾಯಿಯನ್ನು ಮೊದಲು ಅದಕ್ಕೆ ಮೂರು ಬಟ್ಟಲು ಎರೆದೇ ಮನುಷ್ಯರು ಕುಡಿಯುವುದು. ಭಾವನವರು ಎರೆದು ಹೋಗಿ ಆಗಲೇ ಅರ್ಧ ಗಂಟೆಯಾಗಿತ್ತು ಎಂದು ಅಲ್ಲಿದ್ದವರು ಹೇಳಿದರು. ನಾನು ಕೈ ಮುಗಿಯಲು ಬಾಗಿದಾಗ ಸಿಂಹದ ಪಾದ ಮಿರಮಿರ ಹೊಳೆಯುತ್ತಿತ್ತು.

ಆ ಗಾಳಿಗೆ ಸಾರಾಯಿ ಎರೆದರೆ ಕೈ ಮುಗಿದು ಏಳುವಷ್ಟರಲ್ಲಿ ಕಲ್ಲು ಒಣಗಿರುತ್ತದೆ. ಇದು ಒಣಗಿರಲಿಲ್ಲ. ಬೆರಳಲ್ಲಿ ಮುಟ್ಟಿ ಹೆಬ್ಬೆರಳಿಗೆ ಉಜ್ಜಿ ನೋಡಿದೆ. ಎಷ್ಟು ಅಂಟಿದರೆ ಸರಿ, ಎಷ್ಟು ಜಾರಿದರೆ ಸರಿ ಎಂದು ನೂರಾರು ಸಲ ಉಜ್ಜಿದ ಬೆರಳು ನನ್ನದು. ದೇವರ ಪಾದಕ್ಕೆ ಬಿದ್ದಿದ್ದು ನನ್ನ ಗ್ಲಿಸರಿನ್. ಬುಟ್ಟಿಯನ್ನು ಸಿಂಹದ ಮುಂದೆಯೇ ಬಿಟ್ಟು ಓಡಿದೆ. ಅಲ್ಲಿಂದ ಭಾವನವರ ಅಂಗಳಕ್ಕೆ ಸುಮಾರು ಮುನ್ನೂರು ಮೀಟರ್.

ಅಂಗಳದಲ್ಲಿ ಬಟ್ಟಲುಗಳು ತುಂಬಿದ್ದವು. ಪಟಾಕಿಯ ಹೊಗೆಯಿತ್ತು, ಬಡಿಸುವವರೆಲ್ಲ ಮಾಸ್ಕ್ ಹಾಕಿದ್ದರು. ಮನೆಯ ಹಿರಿಯರು ಒಂದೇ ಗುಟುಕಿಗೆ ಬಟ್ಟಲು ಬರಿದು ಮಾಡಿದ ಮೇಲೆ ಉಳಿದವರು ಕುಡಿಯುವುದು ಪದ್ಧತಿ. ಮದುಮಗನ ತಾತನವರಿಗೆ ತೊಂಬತ್ತೊಂದು. ಅವರು ಬಟ್ಟಲು ಎತ್ತಿದ್ದರು. ಅವರ ಪಕ್ಕದಲ್ಲಿ ನನ್ನ ಯಜಮಾನರು ತಮ್ಮ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಎಳೆದು, “ಈ ಸಲದ ಘಮ ನೋಡಿ ದೊಡ್ಡಪ್ಪ, ಇಂಥದ್ದು ನಾನೇ ಇಳ್ಸಿರ್ಲಿಲ್ಲ” ಎನ್ನುತ್ತಿದ್ದರು.

ನಾನು ಆಗಲೇ ತಿಳಿದುಕೊಂಡೆ. ಕಳೆದ ಜೂನ್‌ನಲ್ಲಿ ಯಜಮಾನರಿಗೆ ಆ ಜ್ವರ ಬಂದಿತ್ತು. ಎಲ್ಲ ಸರಿಯಾಯಿತು ಎಂದಿದ್ದರು. ಆರು ತಿಂಗಳಿಂದ ಮೀನಿನ ಸಾರು ಮೂಸಿ, ಹೂವು ಮೂಸಿ, ನನ್ನ ಮುಂದೆ ತಲೆಯಾಡಿಸಿದ್ದರು. ಬಟ್ಟಿ ಇಳಿಸುವವನಿಗೆ ಮೂಗು ಹೋದರೆ ಏನು ಉಳಿಯುತ್ತದೆ ಸಾರ್.

ತಾತನವರ ಕೈಯ ಬಟ್ಟಲನ್ನು ತಟ್ಟಿ ಬೀಳಿಸಿದೆ. ಜಾಡಿಗಳಿದ್ದ ಮೇಜನ್ನು ಎರಡೂ ಕೈಯಿಂದ ನೂಕಿದೆ. ಯಾರೂ ಒಂದು ಹನಿಯನ್ನೂ ಕುಡಿದಿರಲಿಲ್ಲ. “ತಲೆ ಕೆಟ್ಟಿದೆಯಾ ಯುಚಿನ್? ಶುಭಕಾರ್ಯದಲ್ಲಿ ಜಾಡಿ ಒಡೀತೀಯಲ್ಲ” ಎಂದು ಭಾವನವರು ನನ್ನ ತೋಳು ಹಿಡಿದರು. “ಅವ್ಳ್ ಕೈ ಮೂಸಿ, ಕುಡ್ಕೊಂಡ್ ಬಂದವ್ಳೆ” ಎಂದು ಯಾರೋ ಹೆಂಗಸು ಹೇಳಿದಳು. ಅದು ಸ್ಯಾನಿಟೈಸರ್ ಎಂದು ನಾನು ಬಾಯಿ ಬಿಟ್ಟಿದ್ದರೆ, ಮಿಂಗ್ದನಿಗೆ ವಾಸನೆ ಗೊತ್ತಾಗಲಿಲ್ಲವೇ ಎಂದು ಇಡೀ ಊರು ಅವರ ಕಡೆ ತಿರುಗುತ್ತಿತ್ತು. ಅದಕ್ಕೆ, “ಹೌದು, ಕುಡ್ದಿದೀನಿ, ಏನೀಗ” ಎಂದೆ. ನಾನು ಹೇಳಿದ ಸುಳ್ಳು ಅದೊಂದೇ. ಉಳಿದ ಬಟ್ಟಲುಗಳನ್ನೂ ಬೈಗುಳ ಕೇಳಿಸಿಕೊಳ್ಳುತ್ತಲೇ ನೆಲಕ್ಕೆ ಸುರಿದೆ.

ಮನೆಗೆ ಬಂದ ಮೇಲೆ ಯಜಮಾನರು ತಮಗೆ ವಾಸನೆ ತಿಳಿಯುವುದಿಲ್ಲವೆಂದು ಒಪ್ಪಿಕೊಂಡರು. ಯಾವ ಕ್ಯಾನು ಮದುವೆಯದು ಎಂದು ಹೇಗೆ ಗೊತ್ತು ಮಾಡಿದಿರಿ ಎಂದು ಕೇಳಿದೆ. “ಕೆಂಪು ಸುತ್ತಿತ್ತಲ್ಲ, ಕೆಂಪು ಅಂದ್ರೆ ಮದ್ವೇದೇ ತಾನೇ” ಎಂದರು. ಹಳೆಯ ಪದ್ಧತಿಯಂತೆ ಸೀಸೆಗೆ ಹಾಕಿ ಕುಲುಕಿ ನೋಡಿದರಂತೆ. ಗುಳ್ಳೆ ಎದ್ದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ ಸಾರಾಯಿಯ ಗುಣ ಹೇಳುವುದು ಅವರ ವಿದ್ಯೆ. ಗ್ಲಿಸರಿನ್ನಿನ ಗುಳ್ಳೆ ಹೊತ್ತು ನಿಂತಿತು. ಇದೇ ಶ್ರೇಷ್ಠ ಎಂದು ಜಾಡಿಗೆ ತುಂಬಿ, ಬಾಯಿಗೆ ಅರಿವೆ ಬಿಗಿದರಂತೆ. ಅವರಿಗೆ ಅಳು ಬಂತು. ನನಗೆ ಸಿಟ್ಟು ಬಂತು, ಆಮೇಲೆ ನನಗೂ ಅಳು ಬಂತು.

ಮೂಗಿನ ಸಂಗತಿಯನ್ನು ಬರೆದುಕೊಳ್ಳಬೇಡಿ, ದಂಡ ಹಾಕಿದರೆ ಕಟ್ಟುತ್ತೇನೆ ಎಂದು ಈ ಬೆಳಿಗ್ಗೆ ನಿಮ್ಮನ್ನು ಕೇಳಿಕೊಂಡಿದ್ದೆ. ಆಗ ಯಜಮಾನರು ಹೊರಗಿನ ಬೆಂಚಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತು, “ಬರ್ಕೊಳ್ಳಿ ಸಾರ್. ಇವ್ಳು ಕುಡುಕಿ ಅನ್ನಿಸ್ಕೊಂಡು ಬಾಳೋದಕ್ಕಿಂತ ನಾನು ಮೂಗಿಲ್ದೋನು ಅನ್ನಿಸ್ಕೊಳ್ಳೋದು ವಾಸಿ” ಎಂದರು. ಭಾವನವರೂ ಅಲ್ಲೇ ಇದ್ದರು. ತಮ್ಮ ಒಡೆದ ಅಂಗೈಗಳನ್ನು ನೋಡಿಕೊಂಡರು. ದೂರು ಹಿಂತೆಗೆಯುತ್ತೇನೆ, ಆದರೆ ಮದುವೆಗೆ ಸಲ್ಲಬೇಕಿದ್ದ ಎರಡು ಜಾಡಿ ಸಾರಾಯಿ ಬರಬೇಕು, ಅದೂ ಮಿಂಗ್ದನ ಕೈಯದೇ ಆಗಬೇಕು ಎಂದು ಹೇಳಿದರು. ನಾವು ಒಪ್ಪಿದ್ದೇವೆ. ಅವರು ಇಳಿಸುತ್ತಾರೆ, ನಾನು ಮೂಸುತ್ತೇನೆ. ಇನ್ನು ಮುಂದೆ ನನ್ನ ಕ್ಯಾನುಗಳಿಗೆ ಸಾವಿನ ಮನೆಯ ಬಿಳಿ ಪಟ್ಟಿ ಸುತ್ತುತ್ತೇನೆ, ಅದನ್ನು ಯಾರೂ ಮದುವೆಗೆ ಒಯ್ಯುವುದಿಲ್ಲ.

ನೀವು ಬರೆದದ್ದನ್ನು ಓದಿ ಹೇಳಿದಿರಿ, ಕೇಳಿದೆ. ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದೆಲ್ಲ ನಿಜ. ಒಂದು ತಿದ್ದುಪಡಿ ಮಾತ್ರ ಆಗಬೇಕು. ಸಾಕ್ಷಿಯಾಗಿ ಸಹಿ ಹಾಕುವಾಗ ನನ್ನ ಯಜಮಾನರು ಉದ್ಯೋಗದ ಮುಂದೆ ‘ಇಲ್ಲ’ ಎಂದು ಬರೆಸಿದ್ದಾರೆ. ಅದನ್ನು ಹೊಡೆದು ‘ಸಾರಾಯಿ ಬಟ್ಟಿ ಇಳಿಸುವವರು’ ಎಂದು ಬರೆಯಿರಿ. ಬರೆದ ಮೇಲೆಯೇ ನಾನು ಸಹಿ ಹಾಕುತ್ತೇನೆ.

ಸ್ಥಳ: ಕಿನ್ಮೆನ್
ದಿನಾಂಕ: 19-12-2022

(ತಿದ್ದಿದ ಮೇಲೆ ಸಹಿ)
ಶ್ವೆ ಯುಚಿನ್

ಸಾಕ್ಷಿ: ಔ ಮಿಂಗ್ದ, ಸಾರಾಯಿ ಬಟ್ಟಿ ಇಳಿಸುವವರು