ನೀರುನಾಯಿಗೆ ಯಾರು ಕಲಿಸಿದ್ದು?

ನಗೋರು ಈಗಲೇ ಎದ್ದು ಹೋಗಿ ಮಲಕ್ಕೊಳ್ಳಿ. ಇದು ಅಡಗೂಲಜ್ಜಿ ಕತೆ ಅಲ್ಲ. ನಮ್ಮ ಪಕ್ಕದ ಮನೆ ವ್ಯಾನ್ ಡ್ರೈವರ್‌ಗೆ ಆದದ್ದು.

ಸರಿರಾತ್ರಿ. ವ್ಯಾನನ್ನ ಶೆಡ್ಡಲ್ಲಿ ಬಿಟ್ಟು ನಡ್ಕೊಂಡು ಬರ್ತಿದ್ದ. ಪಾಳುಬಾವಿ ದಾಟ್ತಿದ್ದ ಹಾಗೆ ಹಿಂದೆ ಸದ್ದು... ಚಪ್, ಚಪ್, ಚಪ್. ಒದ್ದೆ ಕಾಲು ಸಿಮೆಂಟಿನ ಮೇಲೆ ಬಿದ್ದ ಸದ್ದು. ಇವನು ನಿಂತ. ಅದೂ ನಿಲ್ತು. ಇವನು ನಡೆದ. ಚಪ್, ಚಪ್... ಆಮೇಲೆ ಒಂದು ಸಿಳ್ಳೆ. ಮನುಷ್ಯರದ್ದಲ್ಲ. ಸಣ್ಣಗೆ, ಮೊನಚಾಗಿ ಶುರುವಾಗಿ ಕೊನೇಲಿ ನಡುಗೋ ಸಿಳ್ಳೆ. ಆ ಸಿಳ್ಳೆ ಅವನ ಮನೆ ಬಚ್ಚಲಲ್ಲೇ ಎಷ್ಟೋ ದಿನ ಕೇಳಿದ್ದು.

ಅವನ ಅಕ್ಕ ಪಶು ಆಸ್ಪತ್ರೇಲಿ ಕಾಂಪೌಂಡರ್. ಯಾರೋ ಒಂದು ನೀರುನಾಯಿ ಮರಿನ, ಅದರ ತಾಯಿ ಮೀನುಬಲೆಗೆ ಸಿಕ್ಕಿ ಸತ್ತಿತ್ತು ಅಂತ, ಅವಳಿಗೆ ತಂದು ಕೊಟ್ಟಿದ್ರು. ಇನ್ನೂ ಕಣ್ಣು ಬಿಡದ್ದು. ಬಾಟ್ಲಿ ಹಾಲು ಕುಡಿಸಿ, ಬಚ್ಚಲ ತೊಟ್ಟೀಲಿ ಈಜು ಕಲಿಸಿ, ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ಲು. ಅದು ಬೆಳೆದ ಮೇಲೆ ಏನು ಮಾಡಿದ್ಲು ಗೊತ್ತಾ? ಮುದ್ದು ಮಾಡೋದೇ ಬಿಟ್ಳು. ಜೀವಂತ ಮೀನು ತೊಟ್ಟಿಗೆ ಹಾಕಿ ಬಾಗಿಲು ಎಳ್ಕೊಂಡು ಬರೋಳು. ಹಿಡಿದ್ರೆ ಊಟ, ಇಲ್ದಿದ್ರೆ ಉಪವಾಸ. ಮಡಿಲು ಹತ್ತೋಕೆ ಬಂದ್ರೆ ಪೊರಕೆ ತೋರ್ಸಿ ಓಡಿಸೋಳು. "ಮನುಷ್ಯರನ್ನ ಕಂಡ್ರೆ ಹೆದರಬೇಕು ಕಣೋ, ಇಲ್ಲಾಂದ್ರೆ ಹೊಳೇಲಿ ಬದುಕಲ್ಲ ಇದು" ಅನ್ನೋಳು. ಅಂದು, ಒಳಗೆ ಹೋಗಿ ಅಳೋಳು.

ಹೊಳೆಗೆ ಬಿಡೋ ದಿನ ಜೊತೇಲಿ ಹೋಗೋಕೆ ಅವಳಿಗೆ ಧೈರ್ಯ ಸಾಲಲಿಲ್ಲ. ತಮ್ಮನ ಕೈಗೆ ಪೆಟ್ಟಿಗೆ ಕೊಟ್ಳು.

ಸಂಜೆ ಬಂದು ಹೇಳಿದ. "ಬಿಟ್ಟೆ ಕಣಕ್ಕಾ. ಬುಳಕ್ ಅಂತ ಮುಳುಗ್ತು. ತಿರುಗಿ ಕೂಡ ನೋಡಲಿಲ್ಲ."

ಅಕ್ಕನಿಗೆ ಅಷ್ಟೇ ಬೇಕಾಗಿತ್ತು. ತಿರುಗಿ ಕೂಡ ನೋಡಲಿಲ್ವಂತೆ ಅಂತ ಆಸ್ಪತ್ರೆ ತುಂಬ ಹೇಳ್ಕೊಂಡು ಓಡಾಡಿದ್ಲು.

ಅಪ್ಪಟ ಸುಳ್ಳು! ಹೊಳೆ ದಾರಿ ಕೆಟ್ಟಿತ್ತು, ಸೋಮಾರಿಗೆ ಅದೇ ನೆವ. ಹೆದ್ದಾರಿ ಹೋಟೆಲಿನ ಗೆಳೆಯ "ನಮ್ಮ ಗಾಜಿನ ತೊಟ್ಟೀಲಿ ಬಿಡೋ, ಜನ ನೋಡ್ತಾರೆ" ಅಂದ. ಬಿಟ್ಟ. ಹೊಳೇಲಾದ್ರೆ ಬಲೆ, ಮೊಸಳೆ... ಇಲ್ಲಿ ಕೂತಲ್ಲೇ ಮೀನು, ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡ. ಆ ಮೂಕಪ್ರಾಣಿ ಅಲ್ಲಿ ಕಲಿತದ್ದೇನು? ತೊಟ್ಟಿ ತಳದ ಕಲ್ಲು ಹಿಡ್ಕೊಂಡು ಗಾಜಿಗೆ ಕುಟ್ಟೋದು. ಟಕ್ ಟಕ್... ಟಕ್. ಕುಟ್ಟಿದ್ರೆ ಗಿರಾಕಿಗಳು ನಕ್ಕು ಮೀನಿನ ಚೂರು ಎಸೆಯೋರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೇಸಿಗೆ ಕಳೆಯೋದರೊಳಗೆ ಸತ್ತೇ ಹೋಯ್ತು. ಡ್ರೈವರ್‌ಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಈಗ ಬಾವಿ ಹತ್ರ ಆ ಸಿಳ್ಳೆ... ಕಾಲಿಗೆ ಬುದ್ಧಿ ಹೇಳಿದ ನೋಡಿ, ಚಪ್ಪಲಿ ಎಲ್ಲಿ ಬಿತ್ತೋ! ಮನೆ ಹೊಕ್ಕು ಚಿಲಕ ಹಾಕಿದ. ಅಕ್ಕ ಕತ್ತಲಲ್ಲೇ ಎದ್ದು ಕೂತಿದ್ಲು.

"ಕೇಳಿಸ್ತೇನೋ?" ಪಿಸುಗುಟ್ಟಿದ್ಲು.

"ಏನು... ಏನಿಲ್ಲ. ಮಲಕ್ಕೋ."

"ನಮ್ಮ ಮರಿ ಕಣೋ. ಹೊಳೆಯಿಂದ ಬಂದಿದೆ." ಅವಳ ದನೀಲಿ ಎಷ್ಟು ಖುಷಿ ಅಂತೀರಿ.

ಅಷ್ಟರಲ್ಲಿ ಕಿಟಕಿ ಗಾಜು... ಟಕ್ ಟಕ್... ಟಕ್.

ಅಕ್ಕ ಕಿಟಕಿ ಕಡೆ ಕಿವಿಗೊಟ್ಲು. ಆಮೇಲೆ ಕೇಳಿದ್ಲು. "ಕಲ್ಲಲ್ಲಿ ಕುಟ್ತಿದೆ. ನಮ್ಮ ಬಚ್ಚಲಲ್ಲಿ ಗಾಜೇ ಇಲ್ಲ. ಹೊಳೇಲಿ ಗಾಜು ಎಲ್ಲಿಂದ ಬಂತು?"

ಇವನು ಚಿಲಕ ಮತ್ತೊಮ್ಮೆ ಎಳೆದು ನೋಡಿದ.

"ಯಾರು ಕಲಿಸಿದ್ರೋ ಇದಕ್ಕೆ?"

ಟಕ್ ಟಕ್... ಟಕ್.

ಹೇಳಿಬಿಟ್ಟ. ಹೋಟೆಲು, ತೊಟ್ಟಿ, ಸತ್ತದ್ದು, ಎಲ್ಲಾ. ಅಕ್ಕ ಬಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

"ಹಾಗಾದ್ರೆ ನಾನು ಅದನ್ನ ಉಪವಾಸ ಕೆಡವಿದ್ದು ಯಾಕೋ? ಹತ್ರ ಬಂದಾಗೆಲ್ಲ ಓಡಿಸಿದ್ದು ಯಾಕೋ? ನಂಬಿ ಕೊಟ್ಟೆನಲ್ಲೋ... ಒಡಹುಟ್ಟಿದೋನು ಅಂತ ನಂಬಿ ಕೊಟ್ಟೆನಲ್ಲೋ."

ಎದ್ದು ಕಿಟಕಿ ತೆಗೆದ್ಲು. "ಬಾ ಕಂದಾ..." ಅಂದ್ಲು. ಸದ್ದು ನಿಂತೇ ಹೋಯ್ತು. ಹೊರಗೆ ಯಾರೂ ಇಲ್ಲ, ನೆಲ ಒಣಗಿತ್ತು. ಎಷ್ಟು ಕರೆದ್ರೂ ಅವಳ ಹತ್ರ ಬರಲಿಲ್ಲ. ಮನುಷ್ಯರಿಗೆ ಹೆದರು ಅಂತ ಅವಳೇ ಕಲಿಸಿದ್ದಲ್ವಾ. ಆಮೇಲೆ ಮನೆ ಹಿಂಭಾಗದಿಂದ, ತಮ್ಮನ ಕೋಣೆ ಕಿಟಕೀಲಿ ಕೇಳಿಸ್ತು... ಟಕ್ ಟಕ್... ಟಕ್.

ಬೆಳಗಾಗೋದನ್ನೇ ಕಾದು ಅಕ್ಕ ಬಟ್ಟೆ ಗಂಟು ಕಟ್ಕೊಂಡು ಹೊರಟ್ಲು. ಈಗ ಆಸ್ಪತ್ರೆ ಹಿಂದಿನ ಕೋಣೇಲಿದಾಳೆ. ತಮ್ಮ ಎದುರಿಗೆ ಬಂದ್ರೂ ಮುಖ ಎತ್ತಲ್ಲ. ಅವನು ಕಿಟಕಿ ಗಾಜೆಲ್ಲ ಕೀಳಿಸಿ ಹಲಗೆ ಹೊಡೆಸಿದ. ಸದ್ದೇನೋ ನಿಂತಿದೆ.

ಆದ್ರೆ ದಿನಾ ಬೆಳಗ್ಗೆ ಏಳೋವಾಗ ಅವನ ಕೈಬೆರಳು ಬಿಳಿಚಿ ಸುಕ್ಕುಗಟ್ಟಿರತ್ತೆ, ರಾತ್ರಿಯೆಲ್ಲ ನೀರಲ್ಲಿ ನೆನೆದೋರದ್ದು ಆಗಿರತ್ತಲ್ಲ, ಹಾಗೆ. ಹಾಸಿಗೆ ಮಾತ್ರ ಒಣಗಿರತ್ತೆ. ಓಣಿಯವರೆಲ್ಲ ನೋಡಿದಾರೆ. ಸುಳ್ಳು ಅನ್ನೋರು ನಾಳೆ ಬೆಳಗ್ಗೆ ಹೋಗಿ ಅವನ ಕೈ ಕುಲುಕಿ ಬನ್ನಿ.